ದೊರೆಸಾನಿ ಬರೆದ ಕಾಗದ

ಹೊಳೆನರಸೀಪುರದ ತೆಂಗಿನಕಾಯಿ ಮಂಡಿಯ ಗಂಗಾಧರಯ್ಯನವರಿಗೆ ಇಂಗ್ಲಿಷ್ ಬರುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಹಾಗೆಂದು ಹೇಳಿದವರೂ ಅವರೇ. ಅವರಿಗೆ ನಿಜವಾಗಿ ಬರುತ್ತಿದ್ದದ್ದು ಇಷ್ಟು: ತಮ್ಮ ಹೆಸರನ್ನು ಒಂದೇ ಏಟಿಗೆ ಬರೆದು ಕೆಳಗೊಂದು ಬಾಲ ಎಳೆಯುವುದು, ದೊರೆಗಳು ಎದುರಾದರೆ ‘ಗುಡ್ ಮಾರ್ನಿಂಗ್ ಸಾರ್’ ಅನ್ನುವುದು, ಆಮೇಲೆ ಅವರು ಏನೇ ಅಂದರೂ ‘ಎಸ್ ಎಸ್’ ಅನ್ನುವುದು. ಕಾಯಿ, ಕೊಬ್ಬರಿ ವ್ಯಾಪಾರಕ್ಕೆ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ. ಅಷ್ಟಕ್ಕೇ ಅವರು ಸುಮ್ಮನಿದ್ದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

೧೯೩೫ರ ಬೇಸಿಗೆಯಲ್ಲಿ ಮಂಜರಾಬಾದಿನ ಕಡೆ ಒಬ್ಬ ಕಾಫಿ ತೋಟದ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟ. ಬಂಗಲೆಯ ಸಾಮಾನು ಹರಾಜಿಗೆ ಬಂತು. ಗಂಗಾಧರಯ್ಯ ಗಾಡಿ ಹೂಡಿಸಿಕೊಂಡು ಹೋಗಿ ಒಂದು ಗೋಡೆ ಗಡಿಯಾರವನ್ನೂ ಒಂದು ಒರಗು ಕುರ್ಚಿಯನ್ನೂ ಕೊಂಡು ತಂದರು. ಜೊತೆಗೆ ಬಿಟ್ಟಿಯಾಗಿ ಬಂದದ್ದು ಒಂದು ಗಿಡ. ದೊರೆಸಾನಿ ಅದನ್ನು ತಾನೇ ಎತ್ತಿ ತಂದು ಗಾಡಿಯಲ್ಲಿಟ್ಟು, ಒಳಗೆ ಹೋಗಿ ಒಂದು ಹಾಳೆಯ ತುಂಬ ಬರೆದು ತಂದು ಗಂಗಾಧರಯ್ಯನವರ ಕೈಗೆ ಕೊಟ್ಟಳು. ಕೊಡುವಾಗ ಅವಳ ಕಣ್ಣು ಒದ್ದೆಯಾಗಿತ್ತೆಂದು ಗಾಡಿ ಹೊಡೆದ ಕೆಂಪಣ್ಣ ಆಮೇಲೆ ಹೇಳಿದ. ಗಂಗಾಧರಯ್ಯ ‘ಎಸ್ ಎಸ್’ ಅಂದಿದ್ದರು.

ಅಂಥ ಗಿಡವನ್ನು ಅವರ ಹೆಂಡತಿ ಸುವರ್ಣಮ್ಮ ಕಂಡೇ ಇರಲಿಲ್ಲ. ಮರದ ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸಿದ ಒಂದು ಬುಟ್ಟಿ. ಒಳಗೆ ಮಣ್ಣಿನ ಹೆಸರಿಲ್ಲ, ಬರೀ ಇದ್ದಿಲು. ಅದರ ಮೇಲೆ ಗೇಣುದ್ದದ ಏಳೆಂಟು ದಪ್ಪ ಕಾಂಡಗಳು, ಒಂದೊಂದರ ತುದಿಗೂ ಚರ್ಮದಂಥ ಒಂದೇ ಒಂದು ಎಲೆ. ಬಿಳೀ ಬೇರುಗಳು ಸಂದಿಯಿಂದ ಹೊರಗೆ ಇಳಿಬಿದ್ದಿದ್ದವು.

“ಇದ್ದಿಲಲ್ಲಿ ನೆಟ್ಟವ್ರಲ್ಲ, ಇದು ಬದುಕ್ತದಾ?” ಎಂದು ಅವಳು ಕೇಳಿದಳು.

“ದೊರೆಸಾನಿ ಎಲ್ಲಾ ಬರ್ದುಕೊಟ್ಟವಳೆ ಕಣೇ,” ಅಂದರು ಗಂಗಾಧರಯ್ಯ. ಹಾಳೆಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. ಅಂಗಳದಲ್ಲಿ ಮಂಡಿಯ ನಾಲ್ಕು ಜನ ನಿಂತಿದ್ದರು, ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಓದಲು ಬರುವುದಿಲ್ಲ ಎನ್ನುವುದಕ್ಕೆ ಬೇಕಾದ ನಾಲಿಗೆ ಅವರಿಗೆ ಹುಟ್ಟಿನಿಂದಲೇ ಇರಲಿಲ್ಲ. “ನೆರಳಲ್ಲಿ ಇಡಬೇಕು ಅಂತೈತೆ. ಈ ಇದ್ದಿಲೆಲ್ಲ ದಾರಿಗೆ ಮಾತ್ರ. ಮನೆಗೆ ಹೋದ ಮೇಲೆ ಒಳ್ಳೆ ಮಣ್ಣು, ಗೊಬ್ಬರ ಹಾಕಿ ಕುಂಡದಲ್ಲಿ ನೆಡಬೇಕಂತೆ. ದಿನಾ ಶುದ್ಧವಾದ ನೀರು ಹಾಕಬೇಕಂತೆ.”

“ಶುದ್ಧವಾದ ನೀರು ಅಂದ್ರೆ? ಹೊಳೆ ನೀರಾ?”

“ಲಿಂಗದ ಮೇಲೆ ಬಿದ್ದ ನೀರಿಗಿಂತ ಶುದ್ಧ ಯಾವ್ದೈತೆ? ಅದನ್ನೇ ಹಾಕು.”

ಬೆಳಗ್ಗೆ ಅವರು ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವಾಗ ಎರೆದ ನೀರು, ವಿಭೂತಿಯ ಬೂದಿ, ಸೋಮವಾರವಾದರೆ ಹಾಲು, ಎಲ್ಲ ಸೇರಿ ಒಂದು ಬೆಳ್ಳಿ ಬಟ್ಟಲಲ್ಲಿ ನಿಲ್ಲುತ್ತಿತ್ತು. ಆ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು. ಅದಕ್ಕೇ ಸುವರ್ಣಮ್ಮ ಮದುವೆಯಾಗಿ ಬಂದ ದಿನದಿಂದ ಅದನ್ನು ಹಿತ್ತಲಿನ ಕಣಗಿಲೆ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಅಂದಿನಿಂದ ಅದು ಮಣ್ಣಿನ ಕುಂಡ ಸೇರಿದ ದೊರೆಸಾನಿ ಗಿಡದ ಪಾಲಾಯಿತು.

ಹಾಳೆಗೆ ಗಂಗಾಧರಯ್ಯ ಗಾಜಿನ ಕಟ್ಟು ಹಾಕಿಸಿದರು. ನಡುಮನೆಯ ಗೋಡೆಯಲ್ಲಿ, ಗಡಿಯಾರದ ಪಕ್ಕ, ಯಾರ ಕಣ್ಣಿಗೂ ಸರಿಯಾಗಿ ನಿಲುಕದಷ್ಟು ಎತ್ತರದಲ್ಲಿ ತೂಗುಹಾಕಿದರು. ತಲೆಕೆಳಗಾಗಿ ಹಾಕಲಿಲ್ಲ, ಅದೇ ಪುಣ್ಯ. ಬಂದವರಿಗೆಲ್ಲ “ದೊರೆಸಾನಿ ನನಗೇ ಅಂತ ಬರೆದ ಕಾಗದ” ಎಂದು ತೋರಿಸುತ್ತಿದ್ದರು. ಅರಕಲಗೂಡಿನಿಂದ, ಹಿರೀಸಾವೆಯಿಂದ ಬರುತ್ತಿದ್ದ ಕೊಬ್ಬರಿ ವ್ಯಾಪಾರಿಗಳು ಕತ್ತೆತ್ತಿ ನೋಡಿ ತಲೆದೂಗುತ್ತಿದ್ದರು.

ಗಿಡ ಮಾತ್ರ ತಲೆದೂಗಲಿಲ್ಲ. ಮೊದಲ ಮಳೆಗಾಲದಲ್ಲೇ ಎರಡು ಕಾಂಡ ಕಪ್ಪಾಗಿ ಮೆತ್ತಗಾದವು. ಮರುವರ್ಷ ಮತ್ತೆರಡು ಹೋದವು. ಹೂವಿನ ಸುಳಿವೇ ಇಲ್ಲ. ಬಂದವರು ಕೇಳಿದಾಗಲೆಲ್ಲ ಗಂಗಾಧರಯ್ಯ ಒಳಗೆ ಕೇಳಿಸುವಂತೆ ಹೇಳುತ್ತಿದ್ದರು: “ಕಾಗದದಲ್ಲಿ ಇರೋದನ್ನ ಅಕ್ಷರ ಬಿಡದೆ ಹೇಳಿಕೊಟ್ಟಿದೀನಿ. ಮಾಡೋರ ಕೈಗುಣ ಸರಿ ಇಲ್ಲ, ಏನು ಮಾಡಾದು?” ಸುವರ್ಣಮ್ಮ ಆ ಮಾತನ್ನು ಮೂರು ವರ್ಷ ಕೇಳಿದಳು. ಕೊನೆಕೊನೆಗೆ ಅವಳೂ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಅದೇ ಕೈ ಹಾಕಿದ ಅವರೆ, ಕನಕಾಂಬರ, ಕುಂಬಳ ಹಿತ್ತಲು ತುಂಬ ಹಬ್ಬಿದ್ದವು, ಆದರೂ ನಂಬಿಬಿಟ್ಟಳು.

ಅವರ ಒಬ್ಬಳೇ ಮಗಳು ನೀಲಾಂಬಿಕೆ. ಮನೆಯಲ್ಲಿ ನೀಲ. ೧೯೩೮ರಲ್ಲಿ ಅವಳಿಗೆ ಹನ್ನೆರಡು, ಊರಿನ ಮಿಡ್ಲಿಸ್ಕೂಲಿನಲ್ಲಿ ಓದುತ್ತಿದ್ದಳು. ಲೆಕ್ಕ, ಇಂಗ್ಲಿಷ್ ಎರಡರಲ್ಲೂ ಮುಂದು. ಒಂದು ದಿನ ಅವಳ ಮೇಡಂ ಅನಸೂಯಮ್ಮ ತಾವಾಗಿಯೇ ಮನೆಗೆ ಬಂದು, ಇನ್ನೆರಡು ವರ್ಷಕ್ಕೆ ಇಲ್ಲಿಯ ಓದು ಮುಗಿಯುತ್ತದೆ, ಆಮೇಲೆ ಈ ಹುಡುಗಿಯನ್ನು ಹಾಸನದ ಹೈಸ್ಕೂಲಿಗೆ ಕಳಿಸಲೇಬೇಕು, ಮುಂದೆ ಇವಳೂ ಮೇಷ್ಟ್ರಾಗಬಹುದು ಎಂದರು. ಹಾಸನದಲ್ಲಿ ಸುವರ್ಣಮ್ಮನ ತಮ್ಮ ಷಡಕ್ಷರಿ ಸಂಸಾರ ಮಾಡಿಕೊಂಡಿದ್ದ. ಊಟಕ್ಕೆ, ಇರುವುದಕ್ಕೆ ಯೋಚನೆಯಿರಲಿಲ್ಲ.

ಗಂಗಾಧರಯ್ಯ ಜಗಲಿಯ ಮೇಲೆ ದೊರೆಯ ಕುರ್ಚಿಯಲ್ಲಿ ಒರಗಿದ್ದರು. ಸುತ್ತ ವ್ಯಾಪಾರಿಗಳು. ಮೇಡಂ ಮಾತನ್ನು ಪೂರ್ತಿ ಕೇಳಿ ಅವರು ನಕ್ಕರು. “ಆಗ್ಲಿ ತಾಯಿ. ಒಳಗೆ ದೊರೆಸಾನಿ ಗಿಡ ಐತಲ್ಲ, ಅದು ಹೂ ಬಿಟ್ಟ ವರ್ಷ ಕಳಿಸ್ತೀನಿ. ಇಷ್ಟು ಜನದ ಮುಂದೆ ಹೇಳ್ತಿದೀನಿ.”

ಜಗಲಿಯೆಲ್ಲ ಗೊಳ್ಳೆಂದು ನಕ್ಕಿತು. ಮೇಡಂ ಮುಖ ಸಣ್ಣದು ಮಾಡಿಕೊಂಡು ಹೋದರು. ಬಾಗಿಲ ಹಿಂದೆ ನಿಂತಿದ್ದ ಸುವರ್ಣಮ್ಮ ಮಾತ್ರ ನಗಲಿಲ್ಲ. ಮಂಡಿಯಲ್ಲಿ ಗಂಗಾಧರಯ್ಯ ಒಂದು ಮಾತಾಡಿದರೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ ಎಂದು ಅವಳು ಕೇಳಿದ್ದಳು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಒಪ್ಪಿಕೊಂಡರೆ, ಸಂಜೆಯೊಳಗೆ ಪೇಟೆ ಬಿದ್ದುಹೋದರೂ ಅವರು ಹಿಂದೆ ಸರಿದವರಲ್ಲ. ಅಂಥವರು ಹತ್ತು ಜನರ ಎದುರಿಗೆ ಆಡಿದ್ದಾರೆ, ಆಡಿದಂತೆ ನಡೆಯುತ್ತಾರೆ ಎಂದುಕೊಂಡಳು. ಪಾಪ, ಅವಳಿಗೆ ಮಂಡಿ ಗೊತ್ತಿತ್ತು, ಗಂಡ ಗೊತ್ತಿರಲಿಲ್ಲ.

ಮಾರನೆಯ ಮಧ್ಯಾಹ್ನ ಗಂಗಾಧರಯ್ಯ ಮಂಡಿಗೆ ಹೋದ ಮೇಲೆ ನೀಲ ತಾಯಿಯ ಹತ್ತಿರ ಬಂದು, “ಅವ್ವ, ಆ ಕಾಗದ ನಾನು ಓದ್ಲಾ?” ಎಂದಳು.

ಬಟ್ಟೆಯ ಪೆಟ್ಟಿಗೆ ಎಳೆದು, ಅದರ ಮೇಲೆ ಎರಡು ಮಣೆ ಪೇರಿಸಿ ಹುಡುಗಿ ಹತ್ತಿದಳು. ಸುವರ್ಣಮ್ಮ ಅವಳ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು. ದೊರೆಸಾನಿಯ ಅಕ್ಷರಗಳು ಗಾಳಿಗೆ ಬಾಗಿದ ರಾಗಿ ಪೈರಿನಂತೆ ಒಂದೇ ಕಡೆಗೆ ವಾಲಿದ್ದವು. ತಿಳಿಯದ ಪದಗಳನ್ನು ನೀಲ ಸ್ಲೇಟಿನ ಮೇಲೆ ಬರೆದುಕೊಂಡು ಹೋಗಿ ಮೇಡಂ ಹತ್ತಿರ ಕೇಳಿಕೊಂಡು ಬಂದಳು. ಹೀಗೆ ನಾಲ್ಕು ಮಧ್ಯಾಹ್ನ ಹಿಡಿಯಿತು.

“ಇದರ ಹೆಸರು ಕ್ಯಾಟ್ಲಿಯಾ ಅಂತೆ ಅವ್ವ. ಮಣ್ಣು ಸೋಕಿಸಲೇಬಾರದಂತೆ. ಇದ್ದಿಲು, ಇಟ್ಟಿಗೆ ಚೂರು ಸಾಕಂತೆ. ಎಲೆ ಕಡುಹಸಿರಾಗಿದ್ರೆ ಬೆಳಕು ಸಾಲ್ದು ಅಂತ ಅರ್ಥ. ಬೆಳಗಿನ ಬಿಸಿಲು ಬೀಳೋ ಕಡೆ ತೂಗುಹಾಕಿ, ನಡುಮಧ್ಯಾಹ್ನದ ಬಿಸಿಲು ಮಾತ್ರ ತಪ್ಪಿಸಿ ಅಂತ ಬರ್ದವ್ರೆ.”

“ನೀರು?”

“ಬೆರಳಿಟ್ಟು ನೋಡಿ, ಪೂರ್ತಿ ಒಣಗಿದ್ರೆ ಮಾತ್ರ ಹಾಕಬೇಕು. ದಿನಾ ಹಾಕಿದ್ರೆ ಖಂಡಿತ ಸಾಯ್ತದೆ. ‘ಖಂಡಿತ’ ಅನ್ನೋದಕ್ಕೆ ಕೆಳಗೆ ಗೆರೆ ಎಳೆದವ್ರೆ.”

“ನಿಮ್ಮಪ್ಪಾಜಿ ಹೇಳಿದ್ದು?”

ನೀಲ ಮಣೆಯ ಮೇಲಿಂದ ಕೆಳಗೆ ನೋಡಿದಳು. “ಅಪ್ಪಾಜಿ ಹೇಳಿದ್ದು ಒಂದೂ ಇದ್ರಲ್ಲಿಲ್ಲ ಅವ್ವ.”

ಸುವರ್ಣಮ್ಮನಿಗೆ ಮೊದಲು ನಗು ಬಂತು. ನಗುತ್ತ ನಗುತ್ತಲೇ ಸಿಟ್ಟೇರಿತು. ಮೂರು ವರ್ಷ ಯಾರ್ಯಾರ ಮುಂದೆಯೋ ತನ್ನ ಕೈಗುಣದ ಮಾತಾಡಿದ ಮನುಷ್ಯನಿಗೆ ಒಂದು ಸಾಲು ಓದಲು ಬರುತ್ತಿರಲಿಲ್ಲ. ದಿನ ದಿನವೂ ಭಕ್ತಿಯಿಂದ ತಾನೇ ಆ ಗಿಡವನ್ನು ಕೊಲ್ಲುತ್ತ ಬಂದಿದ್ದಳು.

ಗಿಡವನ್ನು ಮಣ್ಣಿನಿಂದ ಕಿತ್ತಾಗ ಬದುಕಿದ್ದದ್ದು ಮೂರೇ ಕಾಂಡ. ಕೊಳೆತ ಬೇರನ್ನು ಕಾಯಿಸಿದ ಚಾಕುವಿನಿಂದ ಕೊಯ್ದು ತೆಗೆದರು. ಮಂಡಿಯ ಮನೆಯಲ್ಲಿ ತೆಂಗಿನ ಚಿಪ್ಪಿನ ಇದ್ದಿಲಿಗೆ ಬರವೇ? ಕೆಂಪಣ್ಣ ಹಲಸಿನ ಪಟ್ಟಿ ಸೀಳಿ ಹೊಸ ಬುಟ್ಟಿ ಹೊಡೆದುಕೊಟ್ಟ. “ಇದು ಮರದ ಮ್ಯಾಲಿನ ಜಾತಿ ಕಣವ್ವ,” ಅಂದ ಅವನು. “ಮಂಜ್ರಾಬಾದ್ ಕಾಡ್ನಾಗೆ ಸೀತಾಳೆ ದಂಡೆ ಅಂತ ಇಂಗೇ ಮರ ಕಚ್ಕೊಂಡು ಬೆಳೀತೈತೆ. ಅದಕ್ಯಾರು ದಿನಾ ಬಿಂದ್ಗೇಲಿ ನೀರ್ ಒಯ್ತಾರೆ?”

ಬುಟ್ಟಿ ಪೂರ್ವದ ಪಡಸಾಲೆಯ ತೊಲೆಗೆ ಏರಿತು. ವಾರ ಕಳೆದ ಮೇಲೆ ಗಂಗಾಧರಯ್ಯ ಅದನ್ನು ಕಂಡು, “ಇದ್ಯಾರು ಕಿತ್ತಿದ್ದು?” ಎಂದು ಗದರಿದರು. ಸುವರ್ಣಮ್ಮ ತಲೆ ಬಗ್ಗಿಸಿಕೊಂಡು, “ಮೂರು ವರ್ಷ ಆದ್ಮೇಲೆ ಬುಟ್ಟಿಗೆ ಹಾಕಬೇಕು ಅಂತ ಕಾಗದದಲ್ಲಿ ಐತೆ ಅಂತ ನೀವೇ ಅಂದಿದ್ರಲ್ಲ,” ಎಂದಳು. ಅವರು ಗೋಡೆಯ ಕಡೆ ಒಂದು ಸಲ ನೋಡಿ, “ಹೌದೌದು, ಐತೆ,” ಎಂದು ಮಂಡಿಗೆ ಹೋದರು. ಇಷ್ಟು ಸುಲಭವೇ ಎಂದು ಸುವರ್ಣಮ್ಮನಿಗೆ ಆಶ್ಚರ್ಯವಾಯಿತು. ಅಂದಿನಿಂದ ಪೂಜೆಯ ಬಟ್ಟಲು ಬುಟ್ಟಿಯ ಕೆಳಗಿನಿಂದ ಹಾದು ಮತ್ತೆ ಕಣಗಿಲೆಯ ಬುಡಕ್ಕೇ ಹೋಗತೊಡಗಿತು.

ಆಮೇಲಿನದು ಬರೀ ಕಾಯುವ ಕೆಲಸ. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಟ್ಟದ ಮೇಲೆ ಹರಡಿದ ಕಾಯಿ ಉಂಡೆ ಕೊಬ್ಬರಿಯಾಗಲು ಒಂದು ವರ್ಷ ಬೇಕು. ಕೆಳಗೆ ಒಲೆಯ ಹೊಗೆ ಆಡುತ್ತಿದ್ದರೆ ಆಯಿತು. ನಡುವೆ ಕುತೂಹಲಕ್ಕೆ ಒಡೆದು ನೋಡಿದರೆ ಆ ಕಾಯಿ ಯಾತಕ್ಕೂ ಬರುವುದಿಲ್ಲ. ಹಾಗೆಯೇ ಗಿಡವನ್ನೂ ಬಿಟ್ಟಳು. ಮರುವರ್ಷ ಹೊಸ ಚಿಗುರು ಬಂದು ಕಾಂಡ ದಪ್ಪವಾಯಿತು. ೧೯೩೯ರ ಮಳೆಗಾಲ ಮುಗಿಯುವ ಹೊತ್ತಿಗೆ ಎಲೆಯ ಬುಡದಲ್ಲಿ ಮೊಗ್ಗು ಕಟ್ಟುವ ಒಂದು ಹಸಿರು ಒರೆ ಕಾಣಿಸಿತು. ತಾಯಿ ಮಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತುಬಿಟ್ಟರು. ಆದರೆ ಚಳಿಗಾಲದಲ್ಲಿ ಆ ಒರೆ ಹಳದಿಯಾಗಿ, ಕಂದಾಗಿ, ಒಣಗಿದ ಬಾಳೆ ಸಿಪ್ಪೆಯಂತಾಯಿತು. ಸುವರ್ಣಮ್ಮ ನಿಟ್ಟುಸಿರು ಬಿಟ್ಟು ಅದನ್ನು ಚಿವುಟಲು ಕೈ ಹಾಕಿದಳು.

“ಬ್ಯಾಡ ಅವ್ವ!” ನೀಲ ಓಡಿಬಂದು ಕೈ ಹಿಡಿದಳು. “ಒಣಗಿದ ಹಾಗೆ ಕಂಡ್ರೂ ಕೀಳಬೇಡಿ, ಮೊಗ್ಗು ಅದರೊಳಗೇ ಇರ್ತದೆ ಅಂತ ಕೊನೇ ಸಾಲಲ್ಲಿ ಐತೆ.”

ಏಪ್ರಿಲಿನಲ್ಲಿ ಆ ಒಣ ಒರೆಯನ್ನು ಸೀಳಿಕೊಂಡು ಎರಡು ಮೊಗ್ಗು ಮೇಲೆ ಬಂದವು. ನೀಲ ಅಷ್ಟರಲ್ಲಿ ಮಿಡ್ಲಿಸ್ಕೂಲು ಪರೀಕ್ಷೆ ಮುಗಿಸಿದ್ದಳು. ಮೇ ತಿಂಗಳ ಎರಡನೆಯ ವಾರ ಒಂದು ಬೆಳಗ್ಗೆ ಹೂ ಅರಳಿತು. ಅಂಗೈ ಅಗಲದ ತಿಳಿನೇರಳೆ ಹೂ. ನಡುವಿನ ದಳ ನಿರಿಗೆ ನಿರಿಗೆ, ಅದರ ಗಂಟಲಲ್ಲಿ ಅರಿಸಿನ. ಪಡಸಾಲೆ ಘಮ್ಮೆನ್ನುತ್ತಿತ್ತು. ಸುವರ್ಣಮ್ಮ ಮಗಳನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಹಾಸನದ ಸ್ಕೂಲು ತೆರೆಯಲು ಇನ್ನು ಒಂದು ತಿಂಗಳಿತ್ತು. ಮಗಳ ಎರಡು ಲಂಗಗಳನ್ನು ಆ ದಿನವೇ ಒಗೆದು ಮಡಿಸಿ ಪೆಟ್ಟಿಗೆಗೆ ಹಾಕಿದಳು.

ಗಂಗಾಧರಯ್ಯನವರ ಸಂಭ್ರಮ ಕೇಳಬೇಡಿ. ಬೀದಿಗೆ ಬೀದಿಯನ್ನೇ ಕರೆದರು. ಕಾಗದದ ಕಡೆಗೊಮ್ಮೆ, ಹೂವಿನ ಕಡೆಗೊಮ್ಮೆ ಕೈ ತೋರಿಸುತ್ತ, “ಓದಿಕೊಂಡು ಮಾಡಿದ್ರೆ ಯಾಕೆ ಬರಾದಿಲ್ಲ?” ಎಂದರು. ಚನ್ನರಾಯಪಟ್ಟಣದ ಕೊಬ್ಬರಿ ಸಾಹುಕಾರ ಪಂಚಾಕ್ಷರಯ್ಯನವರಿಗೂ ಹೇಳಿಕಳಿಸಿದರು. ಅವರು ಐದನೆಯ ದಿನ ಹೆಂಡತಿಯನ್ನೂ ಮಗ ದೇವರಾಜುವನ್ನೂ ಕರೆದುಕೊಂಡು ಬಸ್ಸಿನಲ್ಲಿ ಬಂದಿಳಿದರು. ಹೂ ನೋಡಲು ಮೂರು ಜನ, ಅದೂ ಮಗ ಜರಿ ಪಂಚೆ ಉಟ್ಟುಕೊಂಡು ಯಾಕೆ ಬಂದರೆಂದು ಸುವರ್ಣಮ್ಮನಿಗೆ ಪಾಯಸಕ್ಕೆ ಬೆಲ್ಲ ಹಾಕುವಾಗ ಹೊಳೆಯಿತು. ಅವರು ಬಂದದ್ದು ಹೆಣ್ಣು ನೋಡಲು.

“ಎಲ್ಲಾ ನಮ್ಮ ನೀಲನ ಕೈಗುಣ,” ಎನ್ನುತ್ತಿದ್ದರು ಗಂಗಾಧರಯ್ಯ ಪಡಸಾಲೆಯಲ್ಲಿ. ಹೂವಿನ ಕೆಳಗೆ ನಿಂತ ಹುಡುಗಿಯನ್ನು ಪಂಚಾಕ್ಷರಯ್ಯನವರ ಹೆಂಡತಿ ಮೇಲಿಂದ ಕೆಳಗೆ ನೋಡಿ, “ಇಂಥಾ ಕೈ ನಮ್ಮನೆಗೆ ಬಂದ್ರೆ ಇನ್ನೇನು ಬೇಕು?” ಅಂದರು. ಗಂಗಾಧರಯ್ಯ ಎದ್ದು ಎರಡು ಹೂವಿನಲ್ಲಿ ಒಂದನ್ನು ಮುರಿದು, ತಟ್ಟೆಯ ಎಲೆಯಡಿಕೆಯ ಮೇಲಿಟ್ಟು ಅವರ ಕೈಗೆ ಕೊಟ್ಟರು. ಅಲ್ಲಿಗೆ ಮದುವೆಯ ಮಾತು ಮುಗಿಯಿತು.

ಸುವರ್ಣಮ್ಮ ಗಂಡನನ್ನು ಅಡಿಗೆಮನೆಯ ಬಾಗಿಲಿಗೆ ಕರೆಸಿಕೊಂಡಳು. “ಗಿಡ ಹೂ ಬಿಟ್ಟ ವರ್ಷ ಹಾಸನಕ್ಕೆ ಕಳಿಸ್ತೀನಿ ಅಂತ ಮಾತು ಕೊಟ್ಟಿದ್ರಿ.”

“ಯಾವಾಗ?”

“ಜಗಲಿ ಮೇಲೆ. ಮೇಡಂ ಬಂದಾಗ, ಅಷ್ಟು ಜನದ ಮುಂದೆ.”

ಗಂಗಾಧರಯ್ಯನವರಿಗೆ ನೆನಪಾಯಿತು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಅವಳ ಎದುರಿಗೆ ಒದರಿದರು. “ಇದರ ಕೆಳಗೆ ಬೆರಳು ಕೊಟ್ಟಿದ್ನೇನೆ? ಹೆಂಗಸರ ಹತ್ರ ನಗಾಡಿದ್ದೆಲ್ಲ ಮಾತಾದಾತಾ? ಓದಿ ಅವಳು ಯಾರನ್ನ ಉದ್ಧಾರ ಮಾಡ್ಬೇಕು? ಈ ಮನೆಗೆ ನಾನು ಓದಿರೋದು ಸಾಲ್ದಾ?”

ಅವಳ ಬೆನ್ನ ಹಿಂದೆ ನೀಲ ನಿಂತಿದ್ದಳು. “ಅವ್ವ, ಕಾಗದದ ವಿಷಯ ಹೇಳಿಬಿಡ್ಲಾ?” ಎಂದು ಮೆಲ್ಲಗೆ ಕೇಳಿದಳು. “ಎಲ್ಲಾರ ಮುಂದೆ ಓದಿ ತೋರಿಸ್ಲಾ?”

ಆ ಒಂದು ಗಳಿಗೆಯನ್ನು ಸುವರ್ಣಮ್ಮ ಮುಂದೆ ಸಾವಿರ ಸಲ ತಿರುಗಿಸಿ ನೋಡಿದಳು. ಹೊರಗೆ ಬೀಗರಾಗುವವರು ಕೂತಿದ್ದಾರೆ. ಗಂಡನ ಮಾನ ಬೀದಿಗೆ ಬೀಳುತ್ತದೆ. ಆ ಸಿಟ್ಟನ್ನು ಅವರು ಹುಡುಗಿಯ ಮೇಲೆಯೇ ತೀರಿಸಿಕೊಳ್ಳುತ್ತಾರೆ. ಒಂದೆರಡು ದಿನ ಬಿಟ್ಟು, ಷಡಕ್ಷರಿಯನ್ನು ಕರೆಸಿ, ಮೆತ್ತಗೆ ಹೇಳಿಸಿದರೆ ಒಪ್ಪಬಹುದು. ಹೀಗೆಲ್ಲ ಅಂದುಕೊಂಡು ಅವಳು ಬೇಡವೆಂದು ತಲೆಯಾಡಿಸಿದಳು. ನೀಲ ಪಾಯಸದ ಲೋಟಗಳನ್ನು ಹೊರಗೆ ಒಯ್ದಳು.

ಷಡಕ್ಷರಿ ಬಂದು ಹೇಳಿದ. ಗೋಡೆಗೆ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಜ್ಯೇಷ್ಠದಲ್ಲಿ, ಹಾಸನದ ಸ್ಕೂಲು ತೆರೆದ ವಾರವೇ, ಹದಿನಾಲ್ಕು ವರ್ಷದ ನೀಲಾಂಬಿಕೆಗೂ ದೇವರಾಜುವಿಗೂ ಮದುವೆಯಾಯಿತು. ಮಡಿಸಿಟ್ಟಿದ್ದ ಲಂಗಗಳು ಪೆಟ್ಟಿಗೆಯಲ್ಲೇ ಉಳಿದವು. ಈಗ ಅವಳು ಸೀರೆ ಉಡಬೇಕಿತ್ತು.

ದೀಪಾವಳಿಗೆ ಮಗಳು ಬಂದಾಗ ಕೈ ಒರಟಾಗಿತ್ತು, ಮಾತು ಕಮ್ಮಿಯಾಗಿತ್ತು. ಅತ್ತೆ ಮನೆಯಲ್ಲಿ ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಹೊಟ್ಟೆಗೆ ಚೆನ್ನಾಗಿ ಹಾಕುತ್ತಾರೆ ಎಂದಳು. ತಾಯಿ ಹೇನು ನೋಡುತ್ತ, “ಏನಾದ್ರೂ ಓದ್ತೀಯೇನೆ?” ಎಂದು ಕೇಳಿದಳು.

“ಅಲ್ಲಿ ಓದಕ್ಕೆ ಏನೈತವ್ವ? ಸೀಮೆಎಣ್ಣೆ ಡಬ್ಬದ ಮೇಲೆ ಇಂಗ್ಲಿಷಲ್ಲಿ ಬರ್ದಿರ್ತಾರೆ. ದೀಪಕ್ಕೆ ಎಣ್ಣೆ ಹಾಕುವಾಗ ದಿನಾ ಅದನ್ನೇ ಓದ್ತೀನಿ.”

ಹೊರಡುವ ಮುಂಚೆ ಅವಳು ಪಡಸಾಲೆಗೆ ಹೋಗಿ ಬುಟ್ಟಿಯನ್ನು ನೋಡಿದಳು. ಎರಡು ಹೊಸ ಕಾಂಡ, ಎರಡಕ್ಕೂ ಹಸಿರು ಒರೆ. “ಈ ಸಲ ನಾಲ್ಕು ಬಿಡ್ತದೆ ಅವ್ವ,” ಎಂದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಸುವರ್ಣಮ್ಮನಿಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ.

ಬಸ್ಸು ಹತ್ತಿಸಿ ಬಂದ ಮಾರನೆಯ ಬೆಳಗ್ಗೆ ಅವಳು ಪೂಜೆಯ ಬಟ್ಟಲು ಹಿಡಿದು ಹಿತ್ತಲಿಗೆ ಹೊರಟವಳು ಬುಟ್ಟಿಯ ಹತ್ತಿರ ನಿಂತಳು. ಗಿಡದ ತಪ್ಪು ಏನೂ ಇರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ದಿನ ಅಳುತ್ತಲೇ ಎರೆದಳು. ಆಮೇಲೆ ರೂಢಿಯಾಯಿತು. ದಿನವೂ ಒಂದು ಬಟ್ಟಲು, ಸೋಮವಾರ ಹಾಲಿನ ಸಮೇತ. ಇದ್ದಿಲಿನ ಮೇಲೆ ವಿಭೂತಿಯ ಕೆಸರು ಕಟ್ಟಿತು. ಶಿವರಾತ್ರಿಯ ಹೊತ್ತಿಗೆ ಕಾಂಡದ ಬುಡ ಮೆತ್ತಗಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಅಷ್ಟು ಭಕ್ತಿಯಿಂದ ಮಾಡುವ ಕೆಲಸಕ್ಕೆ ಯಾರು ತಾನೇ ಅಡ್ಡ ಬಂದಾರು?

ಗಂಗಾಧರಯ್ಯ ಈ ಸಲದ ಹೂ ತೋರಿಸಲು ತಾಲ್ಲೂಕಿನ ಅಮಲ್ದಾರರನ್ನೇ ಊಟಕ್ಕೆ ಕರೆದಿದ್ದರು. ಏಪ್ರಿಲಿನಲ್ಲಿ ಒಂದು ದಿನ ಪೂಜೆ ಮುಗಿಸಿ, ಮೊಗ್ಗು ಎಷ್ಟು ಬಂದಿದೆಯೆಂದು ನೋಡಲು ಪಡಸಾಲೆಗೆ ಬಂದರು. ಮುಟ್ಟಿದ ಕೂಡಲೇ ಒಂದು ಕಾಂಡ ಕಳಚಿ ಕೈಗೆ ಬಂತು.

“ಏನೇ ಇದು! ಪೂರ್ತಿ ಕೊಳ್ತು ಹೋಗೈತಲ್ಲೇ! ಅಮಲ್ದಾರ್ರಿಗೆ ನಾನು ಏನಂತ ಹೇಳ್ಲಿ? ಏನು ಮಾಡ್ದೆ ಇದಕ್ಕೆ?”

ಕಾಯಿ ಮೂಟೆ ಹೊತ್ತು ತರುತ್ತಿದ್ದ ಕೆಂಪಣ್ಣ ಅಲ್ಲೇ ನಿಂತ. ಸುವರ್ಣಮ್ಮ ಬೆಳ್ಳಿ ಬಟ್ಟಲು ಹಿಡಿದು ಪೂಜೆ ಮನೆಯಿಂದ ಬಂದಳು.

“ದಿನಾ ಪೂಜೆ ನೀರು ಹಾಕ್ದೆ.”

“ದಿನಾನಾ?”

“ನೀವೇ ಹೇಳಿದ್ರಲ್ಲ, ದೊರೆಸಾನಿ ಅಂಗೇ ಬರ್ದವಳೆ ಅಂತ. ಕಾಗದ ಅಲ್ಲೇ ಐತೆ. ಗಾಜು ಒರೆಸಿದೀನಿ. ಇನ್ನೊಂದು ಸಲ ಓದಿ ನೋಡಿ.”

ಗಂಗಾಧರಯ್ಯ ನಡುಮನೆಗೆ ಹೋಗಿ ಕತ್ತೆತ್ತಿ ನಿಂತರು. ಸಾಲಿನಿಂದ ಸಾಲಿಗೆ ಕಣ್ಣಾಡಿಸುತ್ತ ತುಟಿ ಅಲ್ಲಾಡಿಸಿದರು. ಹೆಂಡತಿ ಅವರನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ. ಅವರು ಒಮ್ಮೆ ಅವಳ ಕಡೆ ತಿರುಗಿದರು, ಕೂಡಲೇ ಮತ್ತೆ ಗೋಡೆಯ ಕಡೆ ತಿರುಗಿದರು.

“ಹೌದು,” ಅಂದರು ಕೊನೆಗೆ. “ಅಂಗೇ ಬರ್ದವಳೆ.”

“ಹಂಗಾದ್ರೆ ಸರಿ,” ಎಂದು ಸುವರ್ಣಮ್ಮ ಪಡಸಾಲೆಗೆ ಹೋಗಿ, ಅವತ್ತಿನ ನೀರನ್ನೂ ಗಿಡಕ್ಕೆ ಎರೆದಳು.